ಗುಡ್ಡಕ್ಕೆ ಕಾವಲು ಕೂತ ಅಡಿವೆಪ್ಪ

ನಾನು ನಡೆಸುವ ಪತ್ರಿಕೆ ನಾಲ್ಕು ಪುಟದ್ದು, ಸಂಜೆ ಹೊರಬರುವಂಥದ್ದು. ಅದರ ಮೊದಲ ಪುಟದ ಬಲಮೂಲೆಯಲ್ಲಿ ಒಂದು ಸಣ್ಣ ಚೌಕಟ್ಟು ಇರುತ್ತದೆ. ಊರಿನವರು ಮೊದಲು ಓದುವುದು ಅದನ್ನೇ; ಎಷ್ಟೋ ಮಂದಿ ಓದುವುದು ಅದೊಂದನ್ನೇ. ‘ಇಂದಿನ ಗುಡ್ಡ’ ಎಂದು ಅದರ ತಲೆಬರಹ. ‘ಗುಡ್ಡ ಇಂದು ನಾಲ್ಕು ಗಂಟೆಗೆ ದನದ ದವಾಖಾನೆಯ ಬಯಲಿನಲ್ಲಿದೆ. ಬಸ್ಸುಗಳು ಕೆರೆ ರಸ್ತೆಯಿಂದ ಬರುತ್ತವೆ.’ ಇಷ್ಟೇ. ಗುಡ್ಡ ನಡೆಯಿತು, ಸರಿಯಿತು ಎಂದು ನಾನು ಎಂದೂ ಬರೆದಿಲ್ಲ. ಅದು ಸರಿಯುವುದನ್ನು ಕಂಡವರು ಯಾರೂ ಇಲ್ಲ. ಕಾಣದ್ದನ್ನು ಅಚ್ಚು ಹಾಕುವುದು ನನ್ನ ಪದ್ಧತಿಯಲ್ಲ.

ಅದು ಜಾಗ ಬದಲಿಸುವುದು ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ. ಆ ಹೊತ್ತಿಗೆ ಊರೆಲ್ಲ ಉಂಡು ಮಲಗಿರುತ್ತದೆ. ಅಂಗಡಿಗಳ ಬಾಗಿಲು ಹಾಕಿರುತ್ತದೆ, ಕಿಟಕಿಗೆ ಪರದೆ ಇಳಿದಿರುತ್ತದೆ. ನೋಡಬಾರದೆಂಬ ಕಾನೂನೇನೂ ಇಲ್ಲ. ಪಕ್ಕದ ಮನೆಯವರು ಬಚ್ಚಲಿಗೆ ಹೋದಾಗ ನಾವು ಆ ಕಡೆ ನೋಡುತ್ತೇವೆಯೇ? ಇದೂ ಹಾಗೆಯೇ. ಗುಡ್ಡದ ಮೇಲೆ ಆಡಿ ಬಂದ ಮಕ್ಕಳ ಚಪ್ಪಲಿಯಲ್ಲಿ ಒಂದೆರಡು ಹರಳು ಮನೆ ಸೇರಿರುತ್ತವೆ. ಗುಡ್ಡ ಹೊರಟಿತೆಂದರೆ ಅವೂ ಹೊರಡಬೇಕು. ಬಾಗಿಲಿಗೆ ಬಂದು ಟಕಟಕ ಬಡಿಯುತ್ತವೆ. ನಮ್ಮ ಹೆಂಗಸರು ನಿದ್ದೆಗಣ್ಣಿನಲ್ಲೇ ಎದ್ದು, ಅಗುಳಿ ತೆಗೆದು, ಅವನ್ನು ಹೊರಗೆ ಬಿಟ್ಟು ಮತ್ತೆ ಮಲಗುತ್ತಾರೆ.

ಗುಡ್ಡವೆಂದರೆ ಬಹಳ ದೊಡ್ಡದಲ್ಲ. ಜಾಗ ಚಿಕ್ಕದಾದರೆ ಸ್ವಲ್ಪ ಮೈ ಹಿಡಿದು ಕೂರುತ್ತದೆ. ಯಾರ ಖಾಲಿ ನೆಲದ ಮೇಲೆ ಕೂತಿತೋ ಅವರು ಆ ದಿನದ ಯಜಮಾನರು. ಹತ್ತಲು ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡಬೇಕು, ಕಾಸು ಮುಟ್ಟುವಂತಿಲ್ಲ. ಗುಡ್ಡ ಎದ್ದು ಹೋಗುವವರೆಗೆ ಆ ನೆಲವನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಅದಲುಬದಲು ಮಾಡುವಂತಿಲ್ಲ. ಮನೆಗೆ ಬಂದು ಕೂತವರ ಕೆಳಗಿನ ಜಮಖಾನೆಗೆ ಬೆಲೆ ಕೇಳಿದ ಹಾಗಾಗುತ್ತದೆ ಎಂದು ಹಿರಿಯರ ಅಭಿಪ್ರಾಯ. ಇದು ಊರಿನ ಹಸುಗೂಸಿಗೂ ಗೊತ್ತು. ಅಡಿವೆಪ್ಪನಿಗೂ ಗೊತ್ತಿತ್ತು. ಆದರೆ ಶ್ರೀಮಂತನಾಗುವ ಯೋಚನೆಯೊಂದು ಒಳಗೆ ಬಂದರೆ ಸಾಕು, ಅವನಿಗೆ ಗೊತ್ತಿದ್ದದ್ದೆಲ್ಲ ಒಟ್ಟಿಗೆ ಎದ್ದು ಹೊರಗೆ ಹೋಗುತ್ತಿತ್ತು.

ಪೇಟೆಯ ನಡುವೆ ಅಡಿವೆಪ್ಪನ ಖಾನಾವಳಿ. ಅವನದು ಎಂದೆ, ಅಪ್ಪನಿಂದ ಬಂದ ಕಟ್ಟಡ ಅವನದು, ಹಿಂದಿನ ಹಿತ್ತಲೂ ಅವನದು. ಒಲೆ, ಹಿಟ್ಟು ನಾದುವ ಕೊಣಮಿಗೆ, ರೊಟ್ಟಿ, ಗಿರಾಕಿಗಳು, ಇವೆಲ್ಲ ಅವನ ಹೆಂಡತಿ ಬಾಳವ್ವನವು. ನಾನು ಒಂಟಿ ಮನುಷ್ಯ. ಎರಡು ಹೊತ್ತೂ ಅಲ್ಲೇ ಊಟ. ಅಡಿವೆಪ್ಪ ದುಡ್ಡಿನ ಗಲ್ಲೆಯ ಹಿಂದೆ ಕೂತು ಎಲೆಯಡಿಕೆ ಹಾಕುತ್ತ ಬಂದವರಿಗೆ ತನ್ನ ಹೊಸ ಯೋಜನೆ ಹೇಳುತ್ತಿದ್ದ. ಯೋಜನೆಗಳೆಲ್ಲ ಅವನಿಗೆ ಹೊಳೆಯುತ್ತಿದ್ದುದು ಮಧ್ಯಾಹ್ನದ ನಿದ್ದೆಯಲ್ಲಿ. ಒಮ್ಮೆ ಗುಡ್ಡದ ಕಲ್ಲು ಒಡೆಸಿ ಶಾಲೆಯ ಕಾಂಪೌಂಡಿಗೆ ಮಾರಿದ. ಸುಣ್ಣದ ನೀರಿನಲ್ಲಿ ನೆನೆಸಿದರೆ ಕಲ್ಲು ತನ್ನ ಊರು ಮರೆಯುತ್ತದೆ ಎಂದು ಅವನ ವಾದ. ಕಲ್ಲು ಮರೆಯಲಿಲ್ಲ. ಕಾಂಪೌಂಡು ಮಧ್ಯಾಹ್ನವೇ ಎದ್ದು ಹೋಯಿತು. ಮುಂದೆ ವಾರಗಟ್ಟಲೆ ಗುಡ್ಡಕ್ಕೆ ಒಂದು ಕಡೆ ಬಿಳಿ ಪಟ್ಟೆ ಇತ್ತು. ಇನ್ನೊಮ್ಮೆ ಗುಡ್ಡದ ನೆರಳನ್ನು ಉಳ್ಳಾಗಡ್ಡಿ ವ್ಯಾಪಾರಿಗಳಿಗೆ ತಿಂಗಳ ಬಾಡಿಗೆಗೆ ಕೊಟ್ಟ. ಮರುದಿನ ನೆರಳು ಊರಾಚೆ, ಉಳ್ಳಾಗಡ್ಡಿ ಬಿಸಿಲಲ್ಲಿ. ಪ್ರತಿಸಲವೂ ಬಾಳವ್ವ ಒಂದೇ ಮಾತು ಕೇಳುತ್ತಿದ್ದಳು: “ಈಗ ಉಣತೀರೋ, ಸಿರಿವಂತ್ರಾದ ಮ್ಯಾಲ ಉಣತೀರೋ?” ಅವನು ಈಗಲೇ ಉಣ್ಣುತ್ತಿದ್ದ.

ಒಂದು ಶನಿವಾರ ನಗರದ ಹೋಟೆಲು ಮಾಲೀಕರೊಬ್ಬರು ಖಾನಾವಳಿಯಲ್ಲಿ ಉಂಡರು. ಕೈ ತೊಳೆಯುತ್ತ ಕಿಟಕಿಯಾಚೆಯ ಗುಡ್ಡ ನೋಡಿ, “ಇದು ಒಂದೇ ಕಡೆ ನಿಲ್ಲುವಂಥದ್ದಾಗಿದ್ದರೆ ಮೇಲೊಂದು ಹೋಟೆಲು ಕಟ್ಟಬಹುದಿತ್ತು. ನೆಲದ ಒಡೆಯನಿಗೆ ರೂಪಾಯಿಗೆ ನಾಲ್ಕಾಣೆ ಪಾಲು ಕೊಟ್ಟರೂ ನಷ್ಟವಿಲ್ಲ” ಎಂದರು. ಅವರು ಅದನ್ನು ಕೈ ಒರೆಸಿಕೊಳ್ಳುವಷ್ಟರಲ್ಲಿ ಮರೆತಿರಬೇಕು. ಅಡಿವೆಪ್ಪ ಬಸ್ಸಿನವರೆಗೆ ಅವರ ಚೀಲ ಹೊತ್ತುಕೊಂಡು ಹೋಗಿ, ಗುರುವಾರದ ಸಂತೆ ಬಸ್ಸಿಗೆ ಮತ್ತೆ ಬರುವುದಾಗಿ ಮಾತು ತೆಗೆದುಕೊಂಡು ಬಂದ.

ಆ ಮಧ್ಯಾಹ್ನ ಮಲಗಿದ್ದಾಗ ಅವನಿಗೆ ಉಪಾಯ ಹೊಳೆಯಿತು. ಯಾರೂ ನೋಡದಿದ್ದಾಗ ಗುಡ್ಡ ಹೋಗುತ್ತದೆ. ಹಾಗಾದರೆ ಯಾರಾದರೂ ನೋಡುತ್ತಲೇ ಕೂತರೆ?

ಭಾನುವಾರ ನಾಲ್ಕಕ್ಕೆ ಗುಡ್ಡವು ಹತ್ತಿ ಬಿಡಿಸುವ ಜಿನ್ನಿನ ಹಿಂದೆ, ಬಟ್ಟೆ ವ್ಯಾಪಾರಿ ತುಳಜಾಸಾನ ಬೀಳು ಹೊಲದಲ್ಲಿತ್ತು. ನಾನು ಸ್ಥಳ ಖಚಿತಮಾಡಿಕೊಳ್ಳಲು ಹೋಗಿದ್ದೆ. ತುಳಜಾಸಾ ಬೆಲ್ಲದ ತಾಟು ಹಿಡಿದು ನಿಂತಿದ್ದ. ಅಡಿವೆಪ್ಪ ಏದುಸಿರು ಬಿಡುತ್ತ ಬಂದ.

“ತುಳಜಾಸಾ, ಈ ಹೊಲ ನನಗ ಕೊಡು. ನನ್ನ ಖಾನಾವಳಿ, ಹಿತ್ತಲಾ ಸುದ್ದಾ, ನೀ ತಗೋ.”

ತುಳಜಾಸಾ ತಾಟನ್ನು ಕೆಳಗಿಟ್ಟ. ಪೇಟೆಯ ನಡುವೆ ಒಂದು ಅಂಗಡಿ ಬೇಕೆಂದು ಅವನು ಹುಡುಕುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. “ಬಾಳಕ್ಕನ್ನ ಕೇಳೀ ಏನು?”

“ಅಕೀಗೆ ಬೆಳ್ಳಿ ತಾಟಿನಾಗ ಉಣ್ಣಸೂದೈತಿ. ಕೇಳೂದೇನ್ ಬಂತು?”

“ಹಂಗಾದ್ರ ಆತು. ಆದ್ರ ಈಗ ಗುಡ್ಡ ಕುಂತೈತಿ. ಎದ್ದು ಹೋಗ್ಲಿ. ಇಬ್ರೂ ಎರಡೂ ಜಾಗಾದಾಗ ನಿಂತು ಎಲಿ ಅಡಿಕಿ ಬದಲ್ ಮಾಡೂಣು. ಗುರುವಾರ ದೀಪಾ ಹಚ್ಚೂತನಾ ನನ್ನ ಮಾತು. ಆಮ್ಯಾಲ ನಾ ನಿನಗ ಸಂಬಂಧಿಲ್ಲ, ನೀ ನನಗ ಸಂಬಂಧಿಲ್ಲ. ಸಂಪಾದಕರ, ನೀವ ಸಾಕ್ಷಿ.”

ನಮ್ಮ ಊರಿನಲ್ಲಿ ನೆಲದ ಮಾತು ಕೊಟ್ಟರೆ ತಿರುಗಿ ಪಡೆಯುವಂತಿಲ್ಲ, ಗಡುವಿನವರೆಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಡಿವೆಪ್ಪ ಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟುಹೋಗಿದ್ದ.

ಸೋಮವಾರ ಎರಡು ಗಂಟೆಗೆ ಅವನು ಹೊಲದಲ್ಲಿ ಸ್ಟೂಲು ಹಾಕಿ, ಕೊಡೆ ಹಿಡಿದು, ಗುಡ್ಡದ ಕಡೆ ಮುಖ ಮಾಡಿ ಕೂತ. ನಾಲ್ಕು ಗಂಟೆಗೆ, ಹೊತ್ತು ತಿಳಿಸುವ ಜಿನ್ನಿನ ಭೋಂಗಾ ಕೂಗಿದಾಗ ಗುಡ್ಡ ಅಲ್ಲೇ ಇತ್ತು. ಆ ದಿನ ನನ್ನ ಚೌಕಟ್ಟಿನಲ್ಲಿ ‘ನಿನ್ನೆಯ ಸ್ಥಳದಲ್ಲಿಯೇ ಇದೆ’ ಎಂದು ಅಚ್ಚಾಯಿತು. ಅಚ್ಚುಮೊಳೆ ಜೋಡಿಸುವವರು ಹಳೆಯ ಅಚ್ಚು ತೆಗೆಯಲು ಮರೆತಿದ್ದಾರೆಂದು ಊರು ನಕ್ಕಿತು. ಮಂಗಳವಾರವೂ ಹಾಗೆಯೇ ಆದಾಗ ನಗು ನಿಂತಿತು. ಹರಳುಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಗಿಲಿಗೆ ಬಂದು ಒಮ್ಮೆ ಬಡಿಯುವುದು, ಸುಮ್ಮನಾಗುವುದು, ತಿರುಗಿ ಒಳಗೆ ಹೋಗುವುದು, ಮತ್ತೆ ಬರುವುದು. ಯಾರ ಮನೆಯಲ್ಲೂ ನಿದ್ದೆಯಿಲ್ಲ. “ಅವರನ್ನ ಹಂಗ ದಿಟ್ಟಿಸಿ ನೋಡ್ಕೋತ ಕುಂತಾನಂತ, ನಾಚಿಕಿಲ್ಲೇನ?” ಎಂದು ನೀರಿನ ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಂಡರು. ಅವರು ಎಂದರೆ ಗುಡ್ಡ.

ಮಂಗಳವಾರ ಸಂಜೆ ನಾನು ಹೊಲಕ್ಕೆ ಹೋದೆ. ಅಡಿವೆಪ್ಪನ ಕಣ್ಣು ಕೆಂಪಗಿದ್ದವು. ಅಂಗಿಯ ಎರಡೂ ಕಿಸೆ, ಜಾಕೀಟಿನ ಕಿಸೆ, ಎಲ್ಲ ಉಬ್ಬಿದ್ದವು. ಏನೆಂದು ಕೇಳಿದೆ.

“ಗುಡ್ಡದ ಹರಳ್ರಿ. ಹೋಟೆಲಿನವ್ರಿಗೆ ತೋರ್ಸಾಕ. ಮಾಲಿನ ನಮೂನಿ.” ಅವನು ಕಿಸೆ ತಟ್ಟಿಕೊಂಡ. “ಸಂಪಾದಕರ, ನಾಳೆ ದೊಡ್ಡ ಅಕ್ಷರದಾಗ ಹಾಕ್ರಿ. ಗುಡ್ಡ ಇನ್ನ ಮುಂದ ಅಡಿವೆಪ್ಪ ಸಾವ್ಕಾರ್ರ ನೆಲದಾಗ ಕಾಯಂ ಅಂತ.”

“ನಿನ್ನ ನೆಲ ಎಂದಿನಿಂದ?”

“ಮಾತಾಗೇತೆಲ್ರಿ!”

“ಎಲೆ ಅಡಿಕೆ ಬದಲಾಗಿಲ್ಲ. ಗುಡ್ಡ ಕೂತಿರುವವರೆಗೆ ಆಗುವಂತೆಯೂ ಇಲ್ಲ. ನೀನು ನೋಡುತ್ತ ಕೂತರೆ ಗುಡ್ಡ ಇಲ್ಲೇ ಇರುತ್ತದೆ, ಆದರೆ ಹೊಲ ತುಳಜಾಸಾನದೇ. ನಾಲ್ಕಾಣೆ ಪಾಲು ಅವನಿಗೆ. ನೋಡುವುದು ಬಿಟ್ಟರೆ ಗುಡ್ಡ ಹೋಗುತ್ತದೆ. ಹೊಲ ನಿನ್ನದಾಗುತ್ತದೆ, ಬರೀ ಬೀಳು ಹೊಲ. ಖಾನಾವಳಿ ಅವನದಾಗುತ್ತದೆ.”

ಅವನು ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ ಲೆಕ್ಕ ಹಾಕಿದ. ಅಡಿವೆಪ್ಪ ಲೆಕ್ಕ ಹಾಕುವುದನ್ನು ನಾನು ಕಂಡದ್ದು ಅದೇ ಮೊದಲು. “ಅಂದ್ರ,” ಎಂದ ಕೊನೆಗೆ, “ಗುರುವಾರ ದೀಪಾ ಹಚ್ಚೂತನಾ ಇದು ಅಲುಗಾಡಬಾರದು.”

“ಅಲುಗಾಡಿದರೆ ಬಾಳವ್ವನ ಒಲೆ ಹೋಯಿತು.”

“ಅಕೀಗೆ ಹೇಳಬ್ಯಾಡ್ರಿ.” ಮತ್ತೆ ಸ್ವಲ್ಪ ಹೊತ್ತಿಗೆ ಅವನ ಮುಖ ಬೆಳಗಿತು. “ನಾಕು ದಿನ ತುಳಜಾಸಾನ ಗುಡ್ಡ ಕಾಯ್ದಂಗಾತಲ್ರಿ. ಪಗಾರ ಕೇಳಿದ್ರ ಹೆಂಗ?”

ನಾನಾಗಿ ಹೇಳಬೇಕಾದ ಪ್ರಸಂಗವೇ ಬರಲಿಲ್ಲ. ಬುಧವಾರ ರಾತ್ರಿ ಊಟದ ಹೊತ್ತಿಗೆ ತುಳಜಾಸಾ ಖಾನಾವಳಿಗೆ ಬಂದು, ಉಣ್ಣುವವರ ತಲೆಯ ಮೇಲೆ ಕೈಚಾಚಿ ಗೋಡೆಯನ್ನು ಮಾರು ಹಾಕಿ ಅಳೆಯತೊಡಗಿದ. ನನ್ನ ಸಾರಿನಲ್ಲಿ ಅವನ ತೋಳು ಅದ್ದಿತು.

“ಏನ್ ಅಳ್ಯಾಕತ್ತೀಯೋ ತುಳಜಣ್ಣ?” ಎಂದಳು ಬಾಳವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ಏನಿಲ್ಲಕ್ಕ. ಸೀರಿ ಇಡೂ ಕಪಾಟು ಎಷ್ಟು ಉದ್ದ ಮಾಡ್ಸಬೇಕಂತ... ನಿಮ್ಮನಿಯವ್ರು ಹೇಳಿಲ್ಲಾ?”

ಬಡಿತ ನಿಂತಿತು. ಅವಳು ತುಳಜಾಸಾನನ್ನು ನೋಡಲಿಲ್ಲ, ಅಡಿವೆಪ್ಪನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. “ಸಂಪಾದಕರ, ನೀವು ಸುಳ್ಳು ಬರ್ಯಾಂಗಿಲ್ಲಲ್ಲ. ಹೇಳ್ರಿ.” ನಾನು ಹೇಳಿದೆ. ಅಡಿವೆಪ್ಪ ಗಲ್ಲೆಯ ಹಿಂದೆ ಸ್ವಲ್ಪಸ್ವಲ್ಪವಾಗಿ ಕೆಳಗೆ ಇಳಿದ, ಕೊನೆಗೆ ಅವನ ಟೋಪಿಯಷ್ಟೇ ಕಾಣುತ್ತಿತ್ತು. ಬಾಳವ್ವ ಕೇಳಿಸಿಕೊಂಡು, ಅರ್ಧ ಬಡಿದ ರೊಟ್ಟಿಯನ್ನು ಮುಗಿಸಿ, ಹಂಚಿಗೆ ಹಾಕಿದಳು. “ನಾಳಿ ನಾನೂ ಬರ್ತೀನಿ ಹೊಲಕ್ಕ” ಎಂದಳು. ಅಷ್ಟೇ. ಬೈದಿದ್ದರೆ ಎಲ್ಲರಿಗೂ ಊಟ ಸುಲಭವಾಗಿ ಇಳಿಯುತ್ತಿತ್ತು.

ಗುರುವಾರ ನಾನೂ ಹೋದೆ. ಮೂವರಲ್ಲಿ ಒಬ್ಬರಲ್ಲ ಒಬ್ಬರು ಎಚ್ಚರವಿರುತ್ತೇವೆಂದು ನನ್ನ ಲೆಕ್ಕ. ಎರಡಾಗಲು ಇನ್ನೂ ಹೊತ್ತಿತ್ತು. ಬಾಳವ್ವ ಬುತ್ತಿ ಬಿಚ್ಚಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ಆಮೇಲೆ ಹೋಳಿಗೆ, ಅದರ ಮೇಲೆ ತುಪ್ಪ. ಅಡಿವೆಪ್ಪ ಗುಡ್ಡದಿಂದ ಕಣ್ಣು ಕೀಳದೆ ಉಂಡ. ನಾಲ್ಕನೆಯ ಹೋಳಿಗೆಗೆ ಅವನ ಗದ್ದ ಎದೆಗೆ ತಾಗಿತು.

“ಬಾಳಕ್ಕ, ಎಬ್ಬಿಸಿ!” ಎಂದೆ.

“ಮಲಗ್ಲಿ ಬಿಡ್ರಿ. ಮೂರು ದಿನಾತು ನಿದ್ದಿಲ್ಲ.” ಅವನನ್ನು ಮೆಲ್ಲಗೆ ನೆಲಕ್ಕೆ ಒರಗಿಸಿ, ತಲೆಯ ಕೆಳಗೆ ಬುತ್ತಿಯ ಅರಿವೆ ಇಟ್ಟಳು.

“ಹಾಗಾದರೆ ನಾವಾದರೂ ನೋಡೋಣ. ಇವತ್ತೊಂದು ದಿನ. ನಾಲ್ಕರವರೆಗೆ ನೋಡಿದರೆ ಒಲೆ ಉಳಿಯುತ್ತದೆ.”

ಅವಳು ಗುಡ್ಡದ ಕಡೆ ಬೆನ್ನು ಮಾಡಿ ಕೂತಳು. “ಅದು ನಮ್ಮೂರಾಗ ಎಲ್ಲಾರ ಮನಿಗೂ ಹೋಗಿ ಬರೂದು. ಮೂರು ದಿನಾತು, ಏಳಾಕ ಬಿಡ್ದ ಕುಂದ್ರಿಸ್ಯಾರ. ನನ್ನ ಒಲಿ ಉಳೀಬೇಕಂತ ಇನ್ನೊಬ್ರನ್ನ ಹಿಡಿದಿಟ್ಕೊಳ್ಳಾಕ ನನಗ ಆಗಂಗಿಲ್ಲರಿ. ಒಲಿ ಎಲ್ಲಿ ಹೂಡಿದ್ರೂ ರೊಟ್ಟಿ ಉಬ್ಬತೈತಿ.” ಹಾಗೆಂದರೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಕತ್ತು ತಿರುಗಿಸದೆಯೇ ದನಿ ಸ್ವಲ್ಪ ಏರಿಸಿ ಹೇಳಿದಳು: “ಎದ್ದು ಹೋಗ್ರಿಯಪ್ಪಾ. ಎಲ್ಲಿ ಮನಸ್ಸೈತಿ ಅಲ್ಲಿ ಹೋಗ್ರಿ. ನಮ್ಮ ಕಡೆ ಬಂದ್ರ ಬೆಲ್ಲ ಐತಿ.”

ಎರಡರ ಭೋಂಗಾ ಆಯಿತು. ನಾನು ಬೇಕೆಂದಿದ್ದರೆ ನೋಡಬಹುದಿತ್ತು. ಪತ್ರಕರ್ತನಾಗಿ ನೋಡಬೇಕಿತ್ತು ಎನ್ನುವವರೂ ಇದ್ದಾರೆ. ನಾನು ಅವಳ ಪಕ್ಕದಲ್ಲಿ ಬೆನ್ನು ಮಾಡಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಬೆನ್ನಿಗೆ ತಣ್ಣಗಿದ್ದದ್ದು ಬಿಸಿಲಾಯಿತು. ಒಂದು ಸದ್ದೂ ಆಯಿತು. ಯಾವುದರ ಸದ್ದೆಂದು ನೋಡದ್ದರಿಂದ ಬರೆಯಲಾರೆ.

ನಾಲ್ಕಕ್ಕೆ ತಿರುಗಿದೆವು. ಹೊಲ ಬಯಲಾಗಿತ್ತು. ಬುತ್ತಿಯ ಅರಿವೆ ಇತ್ತು, ಸ್ಟೂಲು ಇತ್ತು, ಕೊಡೆ ಇತ್ತು. ಅಡಿವೆಪ್ಪ ಇರಲಿಲ್ಲ.

“ಗುಡ್ಡ ಹೋದ್ರ ಹೋಗ್ಲಿ,” ಎಂದು ಬಾಳವ್ವ ಎದ್ದು ನಿಂತಳು, “ಇವ್ರೆಲ್ಲಿ ಹೋದ್ರು?”

ಆ ಹೊತ್ತಿಗೆ ಸರಿಯಾಗಿ ತುಳಜಾಸಾ ಇಸ್ತ್ರಿ ಮಾಡಿದ ಧೋತರ ಉಟ್ಟು, ತಾಟಿನಲ್ಲಿ ಎಲೆಯಡಿಕೆ ಇಟ್ಟುಕೊಂಡು ಬಂದ. ಖಾಲಿ ಹೊಲವನ್ನು ನೋಡಿ ಅವನ ಮೀಸೆಯಡಿ ನಗು ಮೂಡಿತು. “ನಡೀರಿ ಅಕ್ಕ, ಈ ಜಾಗಾ ಖಾಲಿ ಆತು. ಅಡಿವೆಪ್ಪ ಎಲ್ಲಿ?”

“ನಾನೂ ಅದನ್ನ ಹುಡುಕಾಕತ್ತೀನಿ.”

ಹೊಲದ ಅಂಚಿನಿಂದ ಒಂದು ಗೆರೆ ಹೊರಟಿತ್ತು, ಮೂಟೆಯೊಂದನ್ನು ಎಳೆದುಕೊಂಡು ಹೋದಂತೆ. ಜಿನ್ನಿನ ಹಿಂಭಾಗದಲ್ಲಿ ಉದುರಿದ ಹತ್ತಿಯನ್ನು ಗುಡಿಸಿಕೊಂಡು, ಕುಂಬಾರ ಓಣಿಯಲ್ಲಿ ಒಂದು ಬಿಸಿಲಿಗಿಟ್ಟ ಮಡಕೆ ಉರುಳಿಸಿ, ಪೇಟೆಗೆ ತಿರುಗಿತ್ತು. ಒಂದು ಚಪ್ಪಲಿ ಅಂಚೆ ಕಚೇರಿಯ ಮುಂದೆ, ಟೋಪಿ ಕಿರಾಣಿ ಅಂಗಡಿಯ ಮುಂದೆ ಸಿಕ್ಕವು. ಆಗಷ್ಟೇ ಎದ್ದು ಬಾಗಿಲು ತೆರೆಯುತ್ತಿದ್ದವರು ನಮ್ಮ ಹಿಂದೆ ಸೇರಿಕೊಂಡರು. ಗೆರೆ ಖಾನಾವಳಿಯ ಪಕ್ಕದ ಸಂದಿಯಲ್ಲಿ ಒಳಹೊಕ್ಕಿತು.

ಹಿತ್ತಲಿನಲ್ಲಿ ಗುಡ್ಡವಿತ್ತು. ಬಚ್ಚಲಿನ ಗೋಡೆಗೂ ಕರಿಬೇವಿನ ಗಿಡಕ್ಕೂ ತಾಗದಂತೆ ಮೈ ಹಿಡಿದು ಕೂತಿತ್ತು. ಅದರ ಇಳಿಜಾರಿನಲ್ಲಿ ಅಂಗಾತ ಮಲಗಿ ಅಡಿವೆಪ್ಪ ಗೊರಕೆ ಹೊಡೆಯುತ್ತಿದ್ದ. ಜಾಕೀಟು ಕಂಕುಳಿನವರೆಗೆ ಏರಿತ್ತು, ಕಿಸೆಗಳು ಗುಡ್ಡಕ್ಕೆ ಅಂಟಿಕೊಂಡಿದ್ದವು, ಮೈಯೆಲ್ಲ ಹತ್ತಿ. ಅವನು ಅಲ್ಲಿಗೆ ಹೇಗೆ ಬಂದ ಎಂಬುದನ್ನು ನಾನು ಹೇಳಲಾರೆ. ಕಿಸೆಯಲ್ಲಿ ಹರಳುಗಳಿದ್ದವು ಎಂಬುದು ಮಾತ್ರ ಖಚಿತ.

ತುಳಜಾಸಾ ತಾಟು ಹಿಡಿದುಕೊಂಡು ಗುಡ್ಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. “ಇದು... ಹಿತ್ತಲಾ ಸುದ್ದಾ ಅಂದಿದ್ನಲ್ಲ ಅವ?”

“ಹೌದು, ನಾನೇ ಸಾಕ್ಷಿ” ಎಂದೆ. “ಗುಡ್ಡ ಕೂತ ನೆಲ. ಬದಲು ಮಾಡುವಂತಿಲ್ಲ.”

“ನಾಳಿ ಎದ್ದು ಹೋಗತೈತಿ.”

“ನಿನ್ನ ಮಾತು ಇವತ್ತು ದೀಪ ಹಚ್ಚುವವರೆಗೆ. ಗಡುವು ಇಟ್ಟವನು ನೀನು.”

ಅವನು ದೀಪ ಹಚ್ಚುವವರೆಗೆ ಅಲ್ಲೇ ಕೂತ, ಗುಡ್ಡ ಮನಸ್ಸು ಬದಲಿಸೀತೇನೋ ಎಂದು. ಬಾಳವ್ವ ಕಂದೀಲು ಹಚ್ಚಿ ಮೊಳೆಗೆ ತೂಗುಹಾಕಿದಾಗ ಎದ್ದು ಧೋತರ ಕೊಡವಿಕೊಂಡ. ತಂದ ಎಲೆಯಡಿಕೆ ತಾನೇ ಹಾಕಿಕೊಂಡು, “ಕಪಾಟಿಗೆ ಅಡ್ವಾನ್ಸ್ ಕೊಟ್ಟಿದ್ನೆಲ್ಲಕ್ಕ” ಎಂದ.

“ಕಪಾಟಾದ ಮ್ಯಾಲ ಚಿಂತಿ ಮಾಡಂತಿ. ಈಗ ಉಂಡು ಹೋಗು” ಎಂದಳು ಬಾಳವ್ವ. ಅವನು ಉಂಡ. ಚೆನ್ನಾಗಿಯೇ ಉಂಡ.

ಊರೆಲ್ಲ ಗುಡ್ಡ ಹತ್ತಲು ಬಂದಿತ್ತು. ಬೆಲ್ಲ ಹಂಚುವ ಕೆಲಸ ಅಡಿವೆಪ್ಪನದು. ಒಂದು ಕಾಲಿಗೆ ಚಪ್ಪಲಿ, ತಲೆಯಲ್ಲಿ ಹತ್ತಿ. ಸಂತೆ ಬಸ್ಸು ತಡವಾಗಿ ಬಂತು. ಹೋಟೆಲು ಮಾಲೀಕರು ಬೆಲ್ಲ ತಿಂದು, ಗುಡ್ಡದ ಸುತ್ತ ಒಂದು ಸುತ್ತು ಬಂದು, ನಡೆದದ್ದನ್ನೆಲ್ಲ ಕೇಳಿ, ಅಡಿವೆಪ್ಪನ ಹೆಗಲ ಮೇಲೆ ಕೈಯಿಟ್ಟರು.

“ಈಗ ಇದು ನಿಮ್ಮದೇ ನೆಲ. ನೋಡುತ್ತ ಕೂತರೆ ನಿಲ್ಲುತ್ತದೆ ಎಂಬುದೂ ಖಾತ್ರಿಯಾಗಿದೆ. ನಾಳೆಯಿಂದ ಪಾಳಿಯ ಮೇಲೆ ಆಳುಗಳನ್ನು ಕೂರಿಸೋಣ. ಅದರ ಖರ್ಚು ನನ್ನದು. ನಾಳೆ ಒಂದು ದಿನ ಮಾತ್ರ ನೀವು ನೋಡಿಕೊಳ್ಳಿ. ನಾಲ್ಕಾಣೆ ಪಾಲು, ನಾಳೆ ಸಂಜೆಯೇ ಕಾಗದ.”

ಅಡಿವೆಪ್ಪನ ಜೀವಮಾನದ ಯೋಜನೆಗಳಲ್ಲಿ ಇದೊಂದರಲ್ಲಿ ಮಾತ್ರ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವನು ಬಾಳವ್ವನ ಕಡೆ ನೋಡಿದ. ಅವಳು ಬೆಲ್ಲ ಒಡೆಯುತ್ತಿದ್ದಳು, ತಲೆ ಎತ್ತಲಿಲ್ಲ. ‘ಬೇಡ’ ಎನ್ನಲಿಲ್ಲ. ಅವನು ಹೋಟೆಲಿನವರಿಗೆ, “ನಾಳಿ ನೋಡೂಣ್ರಿ” ಎಂದ.

ಶುಕ್ರವಾರ ನಾನು ಊಟ ಮುಗಿಸಿ ಬೇಕೆಂದೇ ತಡಮಾಡಿದೆ. ಎರಡಕ್ಕೆ ಇನ್ನು ಕೊಂಚವೇ ಹೊತ್ತು. ಸ್ಟೂಲು ಹಿತ್ತಲ ಬಾಗಿಲಲ್ಲಿ ಗುಡ್ಡದ ಕಡೆ ಮುಖ ಮಾಡಿ ಇತ್ತು. ಅಡಿವೆಪ್ಪ ಅದರ ಮೇಲೆ ಕೂತು, ಎದ್ದು, ಮತ್ತೆ ಕೂತ. ಬಾಳವ್ವ ಪಾತ್ರೆ ತೊಳೆದಿಟ್ಟು, ಒಳಮನೆಯಲ್ಲಿ ಎರಡು ಚಾಪೆ ಹಾಸಿ, ಒಂದರ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಭೋಂಗಾ ಆಯಿತು. ಅಡಿವೆಪ್ಪ ಎರಡೂ ಕಿಸೆಗೆ ಕೈಹಾಕಿ ಹರಳುಗಳನ್ನು ಹಿಡಿಹಿಡಿಯಾಗಿ ತೆಗೆದು ಹೊಸ್ತಿಲಿನಾಚೆ ಇಟ್ಟ. ಜಾಕೀಟಿನ ಕಿಸೆಯನ್ನು ಒಳಹೊರಗು ಮಾಡಿ ಕೊಡವಿದ. “ತಡಾ ಮಾಡಿದೆ, ತಪ್ಪು ತಿಳೀಬ್ಯಾಡ್ರಿ” ಎಂದು ಯಾರಿಗೋ ಹೇಳಿ, ಬಾಗಿಲು ಮುಂದೆ ಮಾಡಿದ. ಅಗುಳಿ ಹಾಕಲಿಲ್ಲ. ಹೋಗಿ ಎರಡನೆಯ ಚಾಪೆಯ ಮೇಲೆ ಮಲಗಿದ. ನಾನು ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದೆ.

ಅಂದಿನ ಪತ್ರಿಕೆಯ ಚೌಕಟ್ಟು ಹೀಗಿತ್ತು: ‘ಗುಡ್ಡ ಇಂದು ನಾಲ್ಕು ಗಂಟೆಗೆ ಕೆರೆಯ ಆಚೆ ದಂಡೆಯಲ್ಲಿದೆ. ಬಸ್ಸುಗಳು ಎಂದಿನಂತೆ.’ ಹೋಟೆಲಿನವರು ಆ ಎಂದಿನಂತಿನ ಬಸ್ಸಿನಲ್ಲೇ ಹೋದರು, ಕಟ್ಟಿಸಿಕೊಂಡ ಹೋಳಿಗೆಯ ಜೊತೆ. ಅವರು ಹೊರಡುವವರೆಗೂ ಅಡಿವೆಪ್ಪ ಎದ್ದಿರಲಿಲ್ಲ.

ಎದ್ದದ್ದು ಐದರ ಸುಮಾರಿಗೆ. ಮುಖಕ್ಕೆ ನೀರು ಹಾಕಿಕೊಂಡು ನೇರ ನನ್ನ ಕಚೇರಿಗೆ ಬಂದ. ಕೆನ್ನೆಯ ಮೇಲೆ ಚಾಪೆಯ ಗೆರೆ ಇನ್ನೂ ಇತ್ತು, ಕಣ್ಣು ಮೊದಲಿನಂತೆ ಹೊಳೆಯುತ್ತಿದ್ದವು.

“ಸಂಪಾದಕರ, ಗುಡ್ಡದ ವ್ಯವಹಾರ ಬಿಟ್ಟೆ. ಅದರಾಗ ಹುರುಳಿಲ್ಲ. ನಿದ್ದಿ! ನಮ್ಮೂರಿನ ಮಧ್ಯಾಹ್ನದ ನಿದ್ದಿ. ಸಿಟಿಯವ್ರಿಗೆ ನಿದ್ದೀನ ಬರೂದಿಲ್ಲಂತ, ಆ ಹೋಟೆಲಿನವ್ರ ಹೇಳಿದ್ರು. ನಮ್ಮಲ್ಲಿ ನೋಡ್ರಿ, ಓಣಿ ತುಂಬ ಬಿದ್ದೈತಿ. ತಾಸಿಗಿಷ್ಟಂತ...”

ಅವನ ಹಿಂದೆಯೇ ಬಾಗಿಲಲ್ಲಿ ಬಾಳವ್ವ ಕಾಣಿಸಿದಳು, ಒಂದು ಕೈಯಲ್ಲಿ ಅವನ ಇನ್ನೊಂದು ಚಪ್ಪಲಿ, ಇನ್ನೊಂದರಲ್ಲಿ ಚಹಾದ ಲೋಟ.

“ಈಗ ಕುಡೀತೀರೋ,” ಎಂದಳು, “ಸಿರಿವಂತ್ರಾದ ಮ್ಯಾಲ ಕುಡೀತೀರೋ?”

ಅವನು ಈಗಲೇ ಕುಡಿದ.